ಹೊಟ್ಟೆಯ ಕ್ಯಾನ್ಸರ್ ಬೆಳವಣಿಗೆಯಲ್ಲಿ ಮೈಕ್ರೋಆರ್‌ಎನ್‌ಎಗಳ ಪಾತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಟ್ಟೆಯ ಕ್ಯಾನ್ಸರ್ ಕುರಿತ ಯಾವ ಲೇಖನ ತೆರೆದರೂ ‘ಮಿರ್-21 ಏರಿದೆ’, ‘ಮಿರ್-34 ಇಳಿದಿದೆ’ ಎಂಬ ಮಾತು ಕಾಣುತ್ತದೆ (ಮಿರ್ ಎಂಬುದು ಮೈಕ್ರೋಆರ್‌ಎನ್‌ಎಯ ಚಿಕ್ಕ ರೂಪ). ಏರಿದ್ದು ಯಾವ ಜೀವಕೋಶದಲ್ಲಿ, ಅದರಿಂದ ಯಾವ ಪ್ರೋಟೀನ್ ಎಷ್ಟು ಬದಲಾಯಿತು, ಅಳತೆ ಸರಿಯಾಗಿತ್ತೇ ಎಂಬುದು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಈ ಮೂರೂ ಗೊತ್ತಿಲ್ಲದೆ ಬರೀ ಹೆಸರುಗಳ ಪಟ್ಟಿ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ವಿದ್ಯಾರ್ಥಿಗಳು, ಪ್ರಯೋಗಾಲಯಕ್ಕೆ ಹೊಸದಾಗಿ ಬಂದವರು, ರೋಗಿಗಳ ಮನೆಯವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಮೈಕ್ರೋಆರ್‌ಎನ್‌ಎ ಎಂದರೇನು?

ಸುಮಾರು 22 ಅಕ್ಷರಗಳಷ್ಟೇ (ನ್ಯೂಕ್ಲಿಯೋಟೈಡ್‌ಗಳಷ್ಟೇ) ಉದ್ದದ ಪುಟ್ಟ ಆರ್‌ಎನ್‌ಎ ತುಣುಕು. ಇದರಿಂದ ಪ್ರೋಟೀನ್ ತಯಾರಾಗುವುದಿಲ್ಲ. ಬೇರೆ ಜೀನ್‌ಗಳ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು, ಆ ಸಂದೇಶದಿಂದ ಪ್ರೋಟೀನ್ ತಯಾರಾಗುವುದನ್ನು ಇದು ತಗ್ಗಿಸುತ್ತದೆ. 1993ರಲ್ಲಿ ಸಿ. ಎಲೆಗನ್ಸ್ ಎಂಬ ಸಣ್ಣ ಹುಳುವಿನಲ್ಲಿ ಮೊದಲ ಮೈಕ್ರೋಆರ್‌ಎನ್‌ಎ ಲಿನ್-4 ಪತ್ತೆಯಾಯಿತು. ಈ ಕೆಲಸಕ್ಕಾಗಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಬಂತು. ಕ್ಯಾನ್ಸರಿನೊಂದಿಗೆ ಇದರ ನಂಟು ಮೊದಲು ಕಂಡದ್ದು 2002ರಲ್ಲಿ, ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ. ಆ ರೋಗಿಗಳಲ್ಲಿ 13ನೇ ಕ್ರೋಮೋಸೋಮಿನ ಒಂದು ಚೂರು ಕಳೆದುಹೋಗಿ, ಅದರಲ್ಲಿದ್ದ ಮಿರ್-15 ಮತ್ತು ಮಿರ್-16 ಇಲ್ಲವಾಗಿದ್ದವು.

ಜೀವಕೋಶದಲ್ಲಿ ಇದು ಹೇಗೆ ತಯಾರಾಗುತ್ತದೆ?

ಕೋಶಕೇಂದ್ರದಲ್ಲಿ ಮೊದಲು ಉದ್ದನೆಯ ಆರ್‌ಎನ್‌ಎ ಎಳೆ ಹುಟ್ಟುತ್ತದೆ. ಡ್ರೋಷಾ ಎಂಬ ಕಿಣ್ವ ಅದನ್ನು ಕತ್ತರಿಸಿ, ಸುಮಾರು 70 ಅಕ್ಷರಗಳ, ಹೇರ್‌ಪಿನ್ನಿನಂತೆ ಮಡಚಿದ ತುಣುಕನ್ನು ಬೇರ್ಪಡಿಸುತ್ತದೆ. ಎಕ್ಸ್‌ಪೋರ್ಟಿನ್-5 ಅದನ್ನು ಕೋಶಕೇಂದ್ರದಿಂದ ಹೊರಗೆ ಸಾಗಿಸುತ್ತದೆ. ಅಲ್ಲಿ ಡೈಸರ್ ಎಂಬ ಇನ್ನೊಂದು ಕಿಣ್ವ ಮಡಿಕೆಯ ತುದಿಯನ್ನು ಕತ್ತರಿಸಿ ಎರಡೆಳೆಯ ತುಣುಕು ಮಾಡುತ್ತದೆ. ಎರಡರಲ್ಲಿ ಒಂದು ಎಳೆ ಆರ್ಗೊನಾಟ್ ಪ್ರೋಟೀನಿನಲ್ಲಿ ಕೂರುತ್ತದೆ, ಇನ್ನೊಂದು ಸಾಮಾನ್ಯವಾಗಿ ನಾಶವಾಗುತ್ತದೆ. ಹೆಸರಿನ ಕೊನೆಯಲ್ಲಿ ಬರುವ 5ಪಿ, 3ಪಿ ಎಂಬುದು ಇದು ಮಡಿಕೆಯ ಯಾವ ತೋಳಿನ ಎಳೆ ಎಂದು ಹೇಳುತ್ತದೆ. ಎರಡರ ಗುರಿಗಳೂ ಬೇರೆ ಬೇರೆ. ಹಾಗಾಗಿ ಮಿರ್-21 ಎಂದಷ್ಟೇ ಬರೆದು ಪ್ರೈಮರ್ (ಅದನ್ನು ಅಳೆಯಲು ಬಳಸುವ ಪುಟ್ಟ ಡಿಎನ್‌ಎ ತುಣುಕು) ತರಿಸಬೇಡಿ, ಮಿರ್-21-5ಪಿ ಎಂದು ಖಚಿತವಾಗಿ ಬರೆಯಿರಿ.

ಗುರಿಯನ್ನು ಗುರುತಿಸುವ ಕೆಲಸ ಬಹುಮಟ್ಟಿಗೆ 2ರಿಂದ 8ನೇ ಅಕ್ಷರಗಳದ್ದು. ಈ ಭಾಗಕ್ಕೆ ಬೀಜಭಾಗ ಎನ್ನುತ್ತಾರೆ. ಸಂದೇಶದ ಬಾಲದಲ್ಲಿ ಇದಕ್ಕೆ ಹೊಂದುವ ಆರೇಳು ಅಕ್ಷರ ಸಿಕ್ಕರೂ ಸಾಕು. ಅದಕ್ಕೇ ಒಂದು ಮೈಕ್ರೋಆರ್‌ಎನ್‌ಎಗೆ ನೂರಾರು ಗುರಿಗಳಿರಬಹುದು. ಪ್ರತಿ ಗುರಿಯ ಮೇಲೂ ಪರಿಣಾಮ ಸಣ್ಣದು: ದೀಪ ಆರಿಸಿದಂತಲ್ಲ, ಬತ್ತಿ ತುಸು ತಗ್ಗಿಸಿದಂತೆ. ಒಂದು ಮೈಕ್ರೋಆರ್‌ಎನ್‌ಎ ಒಂದು ಪ್ರೋಟೀನನ್ನು ಪೂರ್ತಿ ಅಳಿಸಿಹಾಕಿತು ಎಂಬ ಫಲಿತಾಂಶ ಕಂಡರೆ ಮೊದಲು ಪ್ರಯೋಗದ ಮೇಲೇ ಸಂಶಯ ಬರಬೇಕು.

ಕ್ಯಾನ್ಸರಿನಲ್ಲಿ ಇವುಗಳ ಮಟ್ಟ ಏರುಪೇರಾಗುವುದು ಏಕೆ?

ಮುಖ್ಯವಾಗಿ ಮೂರು ದಾರಿ. ಆ ಜೀನ್ ಇರುವ ಕ್ರೋಮೋಸೋಮ್ ಭಾಗದ ಪ್ರತಿಗಳು ಹೆಚ್ಚಬಹುದು ಅಥವಾ ಕಳೆದುಹೋಗಬಹುದು. ಜೀನನ್ನು ಚಾಲೂ ಮಾಡುವ ಪ್ರೋಟೀನ್‌ಗಳು, ಅಂದರೆ ಮಿಕ್, ಇ2ಎಫ್1, ಪಿ53, ಎನ್‌ಎಫ್-ಕಪ್ಪಾಬಿ ಮುಂತಾದವು, ಅಂಕೆ ತಪ್ಪಬಹುದು. ಮೂರನೆಯದು ಮಿಥೈಲೇಷನ್: ಜೀನಿನ ಆರಂಭದಲ್ಲಿ ಮಿಥೈಲ್ ಗುಂಪುಗಳು ಕೂತು ಅದನ್ನು ಮುಚ್ಚಿಬಿಡುವುದು. ಹೊಟ್ಟೆಯ ಕ್ಯಾನ್ಸರಿನಲ್ಲಿ ಈ ಮೂರನೆಯ ದಾರಿ ವಿಶೇಷವಾಗಿ ಮುಖ್ಯ, ಏಕೆಂದರೆ ವರ್ಷಗಟ್ಟಲೆಯ ಉರಿಯೂತವೇ ಈ ಮಿಥೈಲೇಷನ್ನಿಗೆ ದೊಡ್ಡ ಪ್ರಚೋದನೆ.

ಗಡ್ಡೆ ಬೆಳೆಯಲು ನೆರವಾಗುವವು ಯಾವುವು?

ಎಲ್ಲರಿಗೂ ಪರಿಚಿತವಾದದ್ದು ಮಿರ್-21. ಇದು ಪಿಟೆನ್, ಪಿಡಿಸಿಡಿ4, ರೆಕ್ ಎಂಬ ಮೂರು ಪ್ರೋಟೀನ್‌ಗಳನ್ನು ತಗ್ಗಿಸುತ್ತದೆ. ಪಿಟೆನ್ ಕಡಿಮೆಯಾದರೆ ಬದುಕುಳಿಯಲು ಹೇಳುವ ಎಕೆಟಿ ಸಂಕೇತ ಜೋರಾಗುತ್ತದೆ. ರೆಕ್ ಕಡಿಮೆಯಾದರೆ ಸುತ್ತಲಿನ ಅಂಗಾಂಶವನ್ನು ಕರಗಿಸುವ ಕಿಣ್ವಗಳಿಗೆ ಕಡಿವಾಣ ತಪ್ಪುತ್ತದೆ. ಆದರೆ ಮಿರ್-21 ಹೊಟ್ಟೆಯ ಕ್ಯಾನ್ಸರಿಗೆ ಮಾತ್ರ ಸೇರಿದ ಗುರುತಲ್ಲ. ಬಹುತೇಕ ಎಲ್ಲ ಗಡ್ಡೆಗಳಲ್ಲಿ, ಬರೀ ಉರಿಯೂತದಲ್ಲಿ ಕೂಡ ಅದು ಏರುತ್ತದೆ.

ಕಾರ್ಯವಿಧಾನ ಚೆನ್ನಾಗಿ ಬಿಡಿಸಿ ತೋರಿಸಲಾದದ್ದು ಮಿರ್-106ಬಿ, ಮಿರ್-93, ಮಿರ್-25 ಎಂಬ ಮೂವರ ಗುಂಪಿನದು. 7ನೇ ಕ್ರೋಮೋಸೋಮಿನಲ್ಲಿ ಎಂಸಿಎಂ7 ಎಂಬ ಜೀನಿನ ಒಳಗೇ ಇವು ಕೂತಿವೆ. ಇ2ಎಫ್1 ಆ ಜೀನನ್ನು ಎಬ್ಬಿಸಿದಾಗ ಈ ಮೂರೂ ಜೊತೆಗೆ ಏಳುತ್ತವೆ. ಸಹಜವಾಗಿ ಟಿಜಿಎಫ್-ಬೀಟಾ ಎಂಬ ಸಂಕೇತ ಹೊಟ್ಟೆಯ ಒಳಪೊರೆಯ ಕೋಶಗಳಿಗೆ ‘ವಿಭಜನೆ ನಿಲ್ಲಿಸು, ಬೇಕಾದರೆ ಸಾಯಿ’ ಎಂದು ಹೇಳುತ್ತದೆ. ನಿಲ್ಲಿಸುವ ಕೆಲಸ ಪಿ21ನದು, ಸಾಯಿಸುವ ಕೆಲಸ ಬಿಮ್‌ನದು. ಮಿರ್-106ಬಿ ಮತ್ತು ಮಿರ್-93 ಪಿ21ಅನ್ನು ತಗ್ಗಿಸುತ್ತವೆ, ಮಿರ್-25 ಬಿಮ್ ಅನ್ನು. ಸಂಕೇತ ಬಂದರೂ ಕೋಶ ಕಿವುಡಾಗುತ್ತದೆ. ಇನ್ನೊಂದು ಸಂಗತಿ: ಮಿರ್-106ಬಿ ಮತ್ತು ಮಿರ್-93 ತಮ್ಮನ್ನು ಎಬ್ಬಿಸಿದ ಇ2ಎಫ್1ಅನ್ನೂ ತಗ್ಗಿಸುತ್ತವೆ. ಆರೋಗ್ಯವಂತ ಕೋಶದಲ್ಲಿ ಇದು ಸಮತೋಲ ಕಾಯುವ ಕುಣಿಕೆ. ಇ2ಎಫ್1 ಮಿತಿಮೀರಿದಾಗ ಮಾತ್ರ ಅದು ಗಡ್ಡೆಯ ಪರವಾಗಿ ತಿರುಗುತ್ತದೆ.

ಮಿರ್-221 ಮತ್ತು ಮಿರ್-222 ಜೋಡಿ ಪಿ27, ಪಿ57 ಎಂಬ ವಿಭಜನಾ ತಡೆಗಳನ್ನು ಇಳಿಸುತ್ತದೆ. ಮಿಕ್ ಎಬ್ಬಿಸುವ ಮಿರ್-17-92 ಗುಂಪನ್ನೂ ಇದೇ ಸಾಲಿಗೆ ಸೇರಿಸಬೇಕು.

ಬೆಳವಣಿಗೆಯನ್ನು ತಡೆಯುವವು?

ಮಿರ್-34 ಕುಟುಂಬವನ್ನು ನೇರವಾಗಿ ಪಿ53 ಎಬ್ಬಿಸುತ್ತದೆ. ಅದು ಕೋಶ ಸಾಯದಂತೆ ತಡೆಯುವ ಬಿಸಿಎಲ್-2, ನಾಚ್ ಮುಂತಾದವನ್ನು ತಗ್ಗಿಸುತ್ತದೆ. ಪಿ53 ಕೆಟ್ಟ ಗಡ್ಡೆಯಲ್ಲಿ ಈ ಕಾವಲೂ ಹೋಯಿತೆಂದೇ ಅರ್ಥ. ಮಿರ್-375 ಜಾಕ್2 ಮತ್ತು ಪಿಡಿಕೆ1 ಮೇಲೆ, ಮಿರ್-101 ಇಜೆಡ್‌ಎಚ್2, ಕಾಕ್ಸ್-2, ಎಂಸಿಎಲ್-1 ಮೇಲೆ, ಮಿರ್-218 ರೋಬೋ1 ಮೇಲೆ ಕೆಲಸ ಮಾಡುತ್ತವೆ. ಮಿರ್-218 ಇಳಿದಾಗ ರೋಬೋ1 ಏರಿ, ಕೋಶಗಳು ಚಲಿಸುವ ಮತ್ತು ನುಗ್ಗುವ ಶಕ್ತಿ ಹೆಚ್ಚುತ್ತದೆ.

ಗಡ್ಡೆ ಹರಡುವ ವಿಷಯ ಬಂದಾಗ ಮಿರ್-200 ಕುಟುಂಬವನ್ನು ಬಿಡುವಂತಿಲ್ಲ. ಒಳಪೊರೆಯ ಕೋಶಗಳು ಒಂದಕ್ಕೊಂದು ಹಿಡಿದುಕೊಳ್ಳುವುದು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನಿನಿಂದ. ಜೆಬ್1 ಮತ್ತು ಜೆಬ್2 ಅದರ ಜೀನನ್ನು ಮುಚ್ಚುತ್ತವೆ. ಮಿರ್-200 ಈ ಎರಡನ್ನೂ ಅದುಮಿ ಹಿಡಿಯುತ್ತದೆ. ಇತ್ತ ಜೆಬ್1 ಕೂಡ ಮಿರ್-200ರ ಜೀನನ್ನು ಅದುಮುತ್ತದೆ. ಹೀಗೆ ಇಬ್ಬರೂ ಪರಸ್ಪರ ಅದುಮುವುದರಿಂದ ಕೋಶ ಒಂದೋ ಕಚ್ಚಿಕೊಂಡು ನಿಲ್ಲುವ ಸ್ಥಿತಿಗೆ, ಇಲ್ಲವೇ ಕಳಚಿಕೊಂಡು ಅಲೆಯುವ ಸ್ಥಿತಿಗೆ ವಾಲುತ್ತದೆ.

ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕಿಗೂ ಇದಕ್ಕೂ ಏನು ಸಂಬಂಧ?

ಬಹಳ ಹತ್ತಿರದ ಸಂಬಂಧ. ಈ ಬ್ಯಾಕ್ಟೀರಿಯಾವನ್ನು 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಂದನೇ ಗುಂಪಿನ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು. ಸೋಂಕಿನಿಂದ ದೀರ್ಘಕಾಲದ ಉರಿಯೂತ, ಅದರಿಂದ ಗ್ರಂಥಿಗಳ ಸವೆತ, ನಂತರ ಹೊಟ್ಟೆಯ ಪೊರೆ ಕರುಳಿನ ಪೊರೆಯಂತಾಗುವ ಮೆಟಾಪ್ಲೇಸಿಯಾ, ಆಮೇಲೆ ಕೋಶಗಳ ರೂಪ ಕೆಡುವ ಡಿಸ್‌ಪ್ಲೇಸಿಯಾ, ಕೊನೆಗೆ ಕ್ಯಾನ್ಸರ್. ಈ ದಾರಿ ಸವೆಯಲು ದಶಕಗಳೇ ಬೇಕು. ಸೋಂಕು ತಗುಲಿದ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ.

ಸೋಂಕಿನ ಆರಂಭದಲ್ಲೇ ಮಿರ್-155 ಮತ್ತು ಮಿರ್-146ಎ ಏರುತ್ತವೆ. ಮಿರ್-146ಎ ಉರಿಯೂತದ ಸಂಕೇತ ಸಾಗಿಸುವ ಐರಾಕ್1 ಮತ್ತು ಟ್ರಾಫ್6 ಅನ್ನು ತಗ್ಗಿಸುತ್ತದೆ, ಅಂದರೆ ದೇಹವೇ ಹಾಕಿಕೊಳ್ಳುವ ಬ್ರೇಕ್. ಬ್ಯಾಕ್ಟೀರಿಯಾ ಕೋಶದೊಳಕ್ಕೆ ಚುಚ್ಚುವ ಕ್ಯಾಗ್-ಎ ಪ್ರೋಟೀನ್ ಲೆಟ್-7ರ ಮಟ್ಟ ಇಳಿಸುತ್ತದೆ. ಲೆಟ್-7 ಎಂಬ ಮೈಕ್ರೋಆರ್‌ಎನ್‌ಎ ಇಳಿದರೆ, ಬೆಳವಣಿಗೆಗೆ ಪ್ರಚೋದಿಸುವ ರಾಸ್ ಪ್ರೋಟೀನ್ ಏರುತ್ತದೆ.

ನಮ್ಮ ದೃಷ್ಟಿಯಲ್ಲಿ ಅತ್ಯಂತ ಉಪಯುಕ್ತ ಸಂಗತಿ ಮಿರ್-124ಎ ಮತ್ತು ಮಿರ್-34ಬಿ/ಸಿ ಮಿಥೈಲೇಷನ್. ಸೋಂಕಿತರ ಹೊಟ್ಟೆಯಲ್ಲಿ, ನೋಡಲು ಸರಿಯಾಗಿಯೇ ಇರುವ ಒಳಪೊರೆಯಲ್ಲೂ ಈ ಜೀನ್‌ಗಳು ಮಿಥೈಲ್ ಆಗಿರುತ್ತವೆ. ಸೋಂಕು ವಾಸಿಯಾದ ಮೇಲೂ ಗುರುತು ಪೂರ್ತಿ ಅಳಿಯುವುದಿಲ್ಲ. ಅಂದರೆ ಗಡ್ಡೆ ಇರುವ ಜಾಗ ಮಾತ್ರವಲ್ಲ, ಇಡೀ ಪೊರೆಯೇ ಹದಗೆಟ್ಟ ನೆಲ. ಜಪಾನಿನಲ್ಲಿ, ಆರಂಭದ ಕ್ಯಾನ್ಸರನ್ನು ಎಂಡೋಸ್ಕೋಪಿಯಿಂದ ತೆಗೆಸಿಕೊಂಡು ಸೋಂಕಿಗೂ ಚಿಕಿತ್ಸೆ ಪಡೆದ 826 ಜನರನ್ನು ಹಿಂಬಾಲಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮಿರ್-124ಎ-3 ಮಿಥೈಲೇಷನ್ ಅತಿ ಹೆಚ್ಚಿದ್ದ ಕಾಲುಭಾಗದ ಜನರಿಗೆ, ಅತಿ ಕಡಿಮೆ ಇದ್ದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ಹೊಟ್ಟೆಯ ಬೇರೆಡೆ ಹೊಸ ಕ್ಯಾನ್ಸರ್ ಕಾಣಿಸಿಕೊಂಡಿತು.

ಎಪ್‌ಸ್ಟೀನ್-ಬಾರ್ ವೈರಸ್ಸಿನ ಪಾತ್ರವೇನು?

2014ರ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಅಧ್ಯಯನದಲ್ಲಿ ಪರೀಕ್ಷಿಸಿದ 295 ಹೊಟ್ಟೆಯ ಗಡ್ಡೆಗಳಲ್ಲಿ ಸುಮಾರು 9% ಈ ವೈರಸ್ ಇದ್ದಂಥವು. ಈ ವೈರಸ್ಸಿಗೆ ತನ್ನದೇ ಮೈಕ್ರೋಆರ್‌ಎನ್‌ಎಗಳಿವೆ. ಅವುಗಳಲ್ಲಿ ಬಾರ್ಟ್ ಗುಂಪಿನವು ಈ ಗಡ್ಡೆಗಳಲ್ಲಿ ಹೇರಳ. ಜೊತೆಗೆ ವೈರಸ್ ಮಾನವ ಕೋಶದ ಮಿರ್-200 ಅನ್ನು ತಗ್ಗಿಸಿ ಇ-ಕ್ಯಾಡ್ಹೆರಿನ್ ಇಳಿಯುವಂತೆ ಮಾಡುತ್ತದೆ.

ಒಂದೇ ಮೈಕ್ರೋಆರ್‌ಎನ್‌ಎ ಒಂದು ಪ್ರಬಂಧದಲ್ಲಿ ಏರಿದೆ, ಇನ್ನೊಂದರಲ್ಲಿ ಇಳಿದಿದೆ. ಯಾವುದನ್ನು ನಂಬುವುದು?

ಮೊದಲು ಮಾದರಿಯಲ್ಲಿ ಏನಿತ್ತು ಎಂದು ನೋಡಿ. ಹೊಟ್ಟೆಯ ಗೋಡೆಯಲ್ಲಿ ಒಳಪೊರೆ ಮಾತ್ರವಿಲ್ಲ; ದಪ್ಪನೆಯ ಸ್ನಾಯು, ರಕ್ತನಾಳ, ನಾರುಕೋಶ, ಬಿಳಿರಕ್ತಕಣ ಎಲ್ಲ ಇವೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ‘ಸಾಮಾನ್ಯ’ ತುಣುಕಿನಲ್ಲಿ ಸ್ನಾಯು ಹೆಚ್ಚಿದ್ದು ಗಡ್ಡೆಯ ತುಣುಕಿನಲ್ಲಿ ಕಡಿಮೆಯಿದ್ದರೆ, ಸ್ನಾಯುವಿನ ಮೈಕ್ರೋಆರ್‌ಎನ್‌ಎಗಳೆಲ್ಲ ಗಡ್ಡೆಯಲ್ಲಿ ‘ಇಳಿದಂತೆ’ ಕಾಣುತ್ತವೆ. ಮಿರ್-143 ಮತ್ತು ಮಿರ್-145ರ ಕಥೆ ಬಹುಮಟ್ಟಿಗೆ ಇದೇ. ಅವನ್ನು ವರ್ಷಗಟ್ಟಲೆ ಒಳಪೊರೆಯ ಗಡ್ಡೆನಿರೋಧಕಗಳೆಂದು ಬರೆದರು. 2014ರ ಹೊತ್ತಿಗೆ, ಕರುಳಿನ ಮೇಲಿನ ಕೆಲಸದಿಂದ, ಅವು ಇರುವುದು ಸ್ನಾಯು ಮತ್ತು ನಾರುಕೋಶಗಳಲ್ಲಿ, ಒಳಪೊರೆಯ ಕೋಶಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದು ಸ್ಪಷ್ಟವಾಯಿತು. ಮಿರ್-451 ಮತ್ತು ಮಿರ್-486 ಕೂಡ ಹೀಗೆಯೇ ದಾರಿ ತಪ್ಪಿಸುತ್ತವೆ. ಅವು ಕೆಂಪುರಕ್ತಕಣದವು, ತುಣುಕಿನಲ್ಲಿ ರಕ್ತ ಎಷ್ಟಿತ್ತು ಎಂಬುದರ ಮೇಲೆ ಮಟ್ಟ ಏರಿಳಿಯುತ್ತದೆ.

ಆದ್ದರಿಂದ ತುಣುಕಿನ ಪಕ್ಕದ ಹೋಳಿಗೆ ಬಣ್ಣ ಹಾಕಿಸಿ, ಗಡ್ಡೆಕೋಶ ಶೇಕಡಾ ಎಷ್ಟಿದೆ ಎಂದು ಪೆಥಾಲಜಿಸ್ಟ್ ಹತ್ತಿರ ಬರೆಸಿಕೊಳ್ಳಿ. ಸಾಧ್ಯವಾದರೆ ಇನ್ ಸಿಟು ಹೈಬ್ರಿಡೈಸೇಷನ್ (ಅಂಗಾಂಶದ ಹೋಳಿನ ಮೇಲೆಯೇ ಆರ್‌ಎನ್‌ಎಗೆ ಗುರುತು ಹಚ್ಚುವ ವಿಧಾನ) ಮಾಡಿ, ಮೈಕ್ರೋಆರ್‌ಎನ್‌ಎ ಯಾವ ಕೋಶದಲ್ಲಿದೆ ಎಂದು ಕಣ್ಣಾರೆ ನೋಡಿ. ಡಿಫ್ಯೂಸ್ ಬಗೆಯ ಗಡ್ಡೆಯಲ್ಲಿ ಕ್ಯಾನ್ಸರ್ ಕೋಶಗಳು ನಾರಿನ ನಡುವೆ ಚದುರಿ ಹೋಗಿರುತ್ತವೆ. ಅಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ರಕ್ತದ ಮಾದರಿಯನ್ನು ಹೇಗೆ ತೆಗೆದು ಸಿದ್ಧಪಡಿಸಬೇಕು?

ಹೆಚ್ಚಿನ ಅಧ್ಯಯನಗಳು ಹಾಳಾಗುವುದು ಈ ಮೊದಲ ಎರಡು ಗಂಟೆಯಲ್ಲೇ.

ಇಡಿಟಿಎ ಟ್ಯೂಬ್ ಬಳಸಿ. ಹೆಪಾರಿನ್ ಟ್ಯೂಬ್ ಬೇಡ, ಅದು ಪಿಸಿಆರ್ (ಸೈಕಲ್ ಸೈಕಲಾಗಿ ಪ್ರತಿಗಳನ್ನು ಹೆಚ್ಚಿಸಿ ಅಳೆಯುವ ವಿಧಾನ) ಕಿಣ್ವಗಳನ್ನು ತಡೆಯುತ್ತದೆ. ಟ್ಯೂಬನ್ನು ಕುಲುಕಬೇಡಿ, ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಿ. ಎರಡು ಗಂಟೆಯೊಳಗೆ ಸೆಂಟ್ರಿಫ್ಯೂಜಿನಲ್ಲಿ ಸುಮಾರು 1,900 ಜಿ (ಗುರುತ್ವಬಲದ 1,900 ಪಟ್ಟು) ಬಲದಲ್ಲಿ 10 ನಿಮಿಷ ತಿರುಗಿಸಿ. ಮೇಲಿನ ಪ್ಲಾಸ್ಮಾ ತೆಗೆಯುವಾಗ ಬಿಳಿಕಣದ ಪದರದ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟುಬಿಡಿ. ಆ ಪ್ಲಾಸ್ಮಾವನ್ನು ಹೊಸ ಟ್ಯೂಬಿನಲ್ಲಿ 16,000 ಜಿಯಲ್ಲಿ ಮತ್ತೆ 10 ನಿಮಿಷ ತಿರುಗಿಸಿ, ತಳದ 100 ಮೈಕ್ರೋಲೀಟರ್ ಮುಟ್ಟಬೇಡಿ. ಪ್ಲೇಟ್‌ಲೆಟ್ ಮತ್ತು ಕೋಶದ ಚೂರುಗಳು ಅಲ್ಲಿರುತ್ತವೆ. ಈ ಎರಡನೆಯ ಸುತ್ತು ಬಿಟ್ಟು ಪ್ಲಾಸ್ಮಾವನ್ನು ಹಾಗೇ ಫ್ರೀಜ್ ಮಾಡಿದರೆ ಪ್ಲೇಟ್‌ಲೆಟ್‌ಗಳು ಒಡೆದು ತಮ್ಮ ಮೈಕ್ರೋಆರ್‌ಎನ್‌ಎಗಳನ್ನೆಲ್ಲ ಸುರಿಯುತ್ತವೆ. ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿಡಿ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಬೇಡಿ. ಅರ್ಧ ಜನರದ್ದು ಸೀರಮ್, ಅರ್ಧ ಜನರದ್ದು ಪ್ಲಾಸ್ಮಾ ಎಂದು ಒಂದೇ ಅಧ್ಯಯನದಲ್ಲಿ ಬೆರೆಸುವುದಂತೂ ಕೂಡದು. ರಕ್ತ ಹೆಪ್ಪುಗಟ್ಟುವಾಗಲೇ ಪ್ಲೇಟ್‌ಲೆಟ್‌ಗಳಿಂದ ಮೈಕ್ರೋಆರ್‌ಎನ್‌ಎ ಹೊರಬರುತ್ತದೆ.

ಕೆಂಪುಕಣ ಒಡೆದಿದೆಯೇ ಎಂದು ಕಣ್ಣಿಂದ ನೋಡಿದರೆ ಸಾಲದು. 414 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆ 0.2 ದಾಟಿದರೆ ಸಂಶಯಪಡಿ. ಪಿಸಿಆರ್‌ನಲ್ಲಿ ಮಿರ್-23ಎಯ ಸಿಟಿಯಿಂದ (ಸಿಟಿ ಎಂದರೆ ಸಂಕೇತ ಕಾಣಲು ಬೇಕಾದ ಸೈಕಲ್‌ಗಳ ಸಂಖ್ಯೆ, ಕಡಿಮೆಯಿದ್ದಷ್ಟೂ ಆರ್‌ಎನ್‌ಎ ಹೆಚ್ಚು) ಮಿರ್-451ಎಯ ಸಿಟಿ ಕಳೆಯಿರಿ: 5ಕ್ಕಿಂತ ಕಡಿಮೆ ಬಂದರೆ ಮಾದರಿ ಚೆನ್ನಾಗಿದೆ, 7 ಮೀರಿದರೆ ಪಕ್ಕಕ್ಕಿಡಿ.

ಆರ್‌ಎನ್‌ಎ ಬೇರ್ಪಡಿಸುವಾಗ ಹುಳುವಿನ ಮಿರ್-39ರ ಕೃತಕ ಪ್ರತಿಯನ್ನು ಪ್ರತಿ ಮಾದರಿಗೂ ಒಂದೇ ಪ್ರಮಾಣದಲ್ಲಿ ಹಾಕಿದರೆ, ದಾರಿಯಲ್ಲಿ ಎಷ್ಟು ಸೋರಿತು ಎಂದು ತಿಳಿಯುತ್ತದೆ. ಇದನ್ನು ಲೈಸಿಸ್ (ಕೋಶ, ಪ್ರೋಟೀನ್‌ಗಳನ್ನು ಒಡೆಯುವ) ದ್ರಾವಣ ಬೆರೆಸಿದ ಮೇಲೆ ಹಾಕಬೇಕು. ಬರೀ ಪ್ಲಾಸ್ಮಾಕ್ಕೆ ಹಾಕಿದರೆ ಅಲ್ಲಿನ ಆರ್‌ಎನ್‌ಏಸ್ ಎಂಬ ಕಿಣ್ವ ಕ್ಷಣದಲ್ಲಿ ತಿಂದುಹಾಕುತ್ತದೆ. ಕಾಲಮ್ ಬಳಸುವುದಾದರೆ ಸಣ್ಣ ಆರ್‌ಎನ್‌ಎ ಹಿಡಿಯಲು ಒಂದೂವರೆ ಪಟ್ಟು ಎಥೆನಾಲ್ ಬೇಕು. ಮಾಮೂಲಿ ವಿಧಾನದ ಕಡಿಮೆ ಎಥೆನಾಲಿನಲ್ಲಿ 22 ಅಕ್ಷರದ ತುಣುಕುಗಳು ಸೋಸಿ ಹೊರಹೋಗುತ್ತವೆ. ಪ್ಲಾಸ್ಮಾದಿಂದ ಬರುವ ಆರ್‌ಎನ್‌ಎ ಅತಿ ಕಡಿಮೆಯಾದ್ದರಿಂದ ಸ್ಪೆಕ್ಟ್ರೋಫೋಟೋಮೀಟರಿನ ಅಂಕಿಯನ್ನು ನಂಬದೆ, ಎಲ್ಲ ಮಾದರಿಗೂ ಒಂದೇ ಪರಿಮಾಣ ಬಳಸಿ.

ಪಿಸಿಆರ್ ಫಲಿತಾಂಶದಲ್ಲಿ ಹೋಲಿಕೆಯ ಜೀನ್ ಅಷ್ಟೊಂದು ಮುಖ್ಯವೇ?

ಹೋಲಿಕೆಯ ಜೀನ್ ಎಂದರೆ ಎಲ್ಲ ಮಾದರಿಗಳಲ್ಲೂ ಮಟ್ಟ ಬದಲಾಗದೆಂದು ನಂಬಿ ಅಳತೆಗೋಲಾಗಿ ಬಳಸುವ ಜೀನ್. ಫಲಿತಾಂಶ ನಿಂತಿರುವುದೇ ಅದರ ಮೇಲೆ. ಒಂದು ಲೆಕ್ಕ ನೋಡಿ. ಗಡ್ಡೆಯಲ್ಲಿ ಮಿರ್-21ರ ಸಿಟಿ 20, ಹೋಲಿಕೆಯದು 24. ವ್ಯತ್ಯಾಸ ಮೈನಸ್ 4. ಸಾಮಾನ್ಯ ಅಂಗಾಂಶದಲ್ಲಿ 23 ಮತ್ತು 24.5, ವ್ಯತ್ಯಾಸ ಮೈನಸ್ 1.5. ಎರಡರ ಅಂತರ 2.5, ಅಂದರೆ ಸುಮಾರು 5.7 ಪಟ್ಟು ಏರಿಕೆ. ಈಗ ಹೋಲಿಕೆಯ ಜೀನೇ ಗಡ್ಡೆಯಲ್ಲಿ ಅರ್ಧಕ್ಕೆ ಇಳಿದಿತ್ತು ಎಂದುಕೊಳ್ಳಿ. ಅದರ ನಿಜವಾದ ಸಿಟಿ 23 ಆಗಬೇಕಿತ್ತು. ಆಗ ಏರಿಕೆ 2.8 ಪಟ್ಟು ಮಾತ್ರ. ಒಂದೇ ಒಂದು ಸೈಕಲಿನ ತಪ್ಪಿಗೆ ಉತ್ತರ ಅರ್ಧವಾಯಿತು. ಯು6 ಎಂಬ ಸಣ್ಣ ಆರ್‌ಎನ್‌ಎ ಹೋಲಿಕೆಗೆ ಅಂಗಾಂಶದಲ್ಲಿ ಬಳಕೆಯಲ್ಲಿದ್ದರೂ ಗಡ್ಡೆಯಲ್ಲಿ ಬದಲಾಗುವುದುಂಟು, ಪ್ಲಾಸ್ಮಾದಲ್ಲಂತೂ ಸ್ಥಿರವಲ್ಲ. ಎರಡು ಮೂರು ಹೋಲಿಕೆ ಜೀನ್‌ಗಳನ್ನು ನಿಮ್ಮದೇ ಮಾದರಿಗಳಲ್ಲಿ ಪರೀಕ್ಷಿಸಿ, ಸ್ಥಿರವಾದವನ್ನು ಆರಿಸಿ ಸರಾಸರಿ ಬಳಸುವುದು ಒಳ್ಳೆಯದು.

ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಹಳೆಯ ಬಯಾಪ್ಸಿ ಬ್ಲಾಕ್‌ಗಳನ್ನು ಬಳಸಬಹುದೇ ಎಂದೂ ಕೇಳುತ್ತಾರೆ. ಬಳಸಬಹುದು. ಉದ್ದನೆಯ ಸಂದೇಶಗಳು ಅದರಲ್ಲಿ ತುಂಡಾಗಿರುತ್ತವೆ. ಮೈಕ್ರೋಆರ್‌ಎನ್‌ಎ ಮೊದಲೇ ಗಿಡ್ಡವಾದ್ದರಿಂದ ಬಹುತೇಕ ಉಳಿದಿರುತ್ತದೆ.

ಒಂದು ಪ್ರೋಟೀನ್ ನಿಜವಾಗಿ ಗುರಿ ಎಂದು ಸಾಬೀತು ಮಾಡುವುದು ಹೇಗೆ?

ಟಾರ್ಗೆಟ್‌ಸ್ಕ್ಯಾನ್ ಮುಂತಾದ ತಂತ್ರಾಂಶ ಕೊಡುವುದು ಊಹೆ ಮಾತ್ರ. ಗುರಿ ಜೀನಿನ ಬಾಲಭಾಗವನ್ನು ಬೆಳಕು ಕೊಡುವ ಲೂಸಿಫರೇಸ್ ಜೀನಿಗೆ ಜೋಡಿಸಿ, ಮೈಕ್ರೋಆರ್‌ಎನ್‌ಎ ಹಾಕಿದಾಗ ಬೆಳಕು ತಗ್ಗುತ್ತದೆಯೇ ನೋಡಿ. ಬೀಜಭಾಗಕ್ಕೆ ಹೊಂದುವ ಮೂರು ನಾಲ್ಕು ಅಕ್ಷರ ಬದಲಿಸಿದಾಗ ಆ ತಗ್ಗುವಿಕೆ ಮಾಯವಾಗಬೇಕು. ನಂತರ ವೆಸ್ಟರ್ನ್ ಬ್ಲಾಟ್‌ನಲ್ಲಿ 48ರಿಂದ 72 ಗಂಟೆಗೆ ಪ್ರೋಟೀನನ್ನೇ ಅಳೆಯಿರಿ. ಮಿಮಿಕ್ (ಮೈಕ್ರೋಆರ್‌ಎನ್‌ಎಯ ಕೃತಕ ಪ್ರತಿ) ಹಾಕಿದಾಗ ಇಳಿಯುವುದಷ್ಟೇ ಅಲ್ಲ, ಇನ್ಹಿಬಿಟರ್ (ಅದನ್ನು ತಡೆಯುವ ತುಣುಕು) ಹಾಕಿದಾಗ ಏರಲೂ ಬೇಕು. ನಮಗೆ ಇದು ಹೆಚ್ಚು ಬೆಲೆಯುಳ್ಳ ಸಾಕ್ಷಿ, ಏಕೆಂದರೆ ಅದು ಕೋಶದಲ್ಲಿ ಸಹಜವಾಗಿ ಇರುವ ಪ್ರಮಾಣದ ಬಗ್ಗೆ ಹೇಳುತ್ತದೆ. ಕೊನೆಗೆ, ಬಾಲಭಾಗವಿಲ್ಲದ ಗುರಿ ಜೀನನ್ನು ಮರಳಿ ಕೊಟ್ಟಾಗ ಕೋಶ ಮೊದಲಿನಂತೆ ವರ್ತಿಸಬೇಕು.

ಮಿಮಿಕ್ ಅನ್ನು 5ರಿಂದ 20 ನ್ಯಾನೋಮೋಲಾರ್‌ನಲ್ಲಿ ಶುರುಮಾಡಿ. 100ಕ್ಕೆ ಏರಿಸಿದರೆ ಆರ್ಗೊನಾಟ್‌ಗಳೆಲ್ಲ ತುಂಬಿಹೋಗಿ, ಕೋಶದ ಉಳಿದ ಮೈಕ್ರೋಆರ್‌ಎನ್‌ಎಗಳಿಗೆ ಜಾಗವಿಲ್ಲದಂತಾಗುತ್ತದೆ. ಆಗ ಕಾಣುವ ಪರಿಣಾಮ ಯಾರದ್ದೆಂದು ಹೇಳಲಾಗದು.

ಕೋಶಸಾಲಿನ (ಪ್ರಯೋಗಾಲಯದಲ್ಲಿ ಬೆಳೆಸುತ್ತಲೇ ಇರುವ ಕೋಶಗಳ ತಳಿ) ಆಯ್ಕೆ ಇನ್ನೂ ದೊಡ್ಡ ಗುಂಡಿ. ಹೊಟ್ಟೆಯ ಕ್ಯಾನ್ಸರಿನದೆಂದು ನೂರಾರು ಪ್ರಬಂಧಗಳಲ್ಲಿ ಬಳಸಿದ ಎಸ್‌ಜಿಸಿ-7901, ಬಿಜಿಸಿ-823 ಮತ್ತು ಎಂಜಿಸಿ-803 ಸಾಲುಗಳು ಹೀಲಾ ಕೋಶಗಳಿಂದ ಕಲುಷಿತ ಎಂದು ಡಿಎನ್‌ಎ ಗುರುತು ಪರೀಕ್ಷೆಯಲ್ಲಿ ಪತ್ತೆಯಾಗಿದೆ. ಹೀಲಾ ಗರ್ಭಕಂಠದ ಕ್ಯಾನ್ಸರಿನ ಕೋಶ. ಮಿರ್-15ಬಿ ಮತ್ತು ಮಿರ್-16 ಇಳಿದು ಬಿಸಿಎಲ್-2 ಏರಿದಾಗ ಕೀಮೋಥೆರಪಿಗೆ ಕೋಶ ಬಗ್ಗುವುದಿಲ್ಲ ಎಂಬ, 2008ರಿಂದ ಬಹಳ ಉಲ್ಲೇಖವಾದ ಫಲಿತಾಂಶವೂ ಎಸ್‌ಜಿಸಿ-7901ರದ್ದೇ. ಕಾರ್ಯವಿಧಾನ ಸರಿಯಿರಬಹುದು, ಹೊಟ್ಟೆಗೆ ಅನ್ವಯಿಸುತ್ತದೆ ಎನ್ನಲು ಬೇರೆ ಸಾಕ್ಷಿ ಬೇಕು. ಎಜಿಎಸ್ ಸಾಲು ನಿಜವಾಗಿ ಹೊಟ್ಟೆಯದೇ, ಆದರೆ ಅದರಲ್ಲಿ ಇ-ಕ್ಯಾಡ್ಹೆರಿನ್ ಜೀನೇ ಕೆಟ್ಟಿದೆ. ಮಿರ್-200 ಹಾಕಿ ಇ-ಕ್ಯಾಡ್ಹೆರಿನ್ ಮರಳಿತೇ ಎಂದು ಅದರಲ್ಲಿ ಹುಡುಕುವುದು ವ್ಯರ್ಥ. ಕೋಶ ಕೈಗೆ ಬಂದ ದಿನವೇ ಎಸ್‌ಟಿಆರ್ ಪ್ರೊಫೈಲ್ (ಡಿಎನ್‌ಎ ಗುರುತು ಪರೀಕ್ಷೆ) ಮಾಡಿಸಿ.

ಎಂಡೋಸ್ಕೋಪಿ ಬದಲು ರಕ್ತಪರೀಕ್ಷೆ ಸಾಕೇ?

ಸಾಲದು. ಈ ದಿಕ್ಕಿನಲ್ಲಿ ಅತಿ ಮುಂದೆ ಹೋಗಿರುವುದು ಸಿಂಗಪುರದಲ್ಲಿ ರೂಪುಗೊಂಡ 12 ಮೈಕ್ರೋಆರ್‌ಎನ್‌ಎಗಳ ಪರೀಕ್ಷೆ. 5,248 ಜನರ ಮೇಲೆ ನಡೆದ ಅದರ ಮುನ್ನೋಟ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅವರಲ್ಲಿ 125 ಜನರಿಗೆ ಕ್ಯಾನ್ಸರ್ ಇತ್ತು. ರೋಗ ಇರುವವರನ್ನೂ ಇಲ್ಲದವರನ್ನೂ ಬೇರ್ಪಡಿಸುವ ಶಕ್ತಿಯ ಅಳತೆ 0.848 (1 ಎಂದರೆ ಪರಿಪೂರ್ಣ, 0.5 ಎಂದರೆ ನಾಣ್ಯ ಚಿಮ್ಮಿದಂತೆ), ರಕ್ತದಲ್ಲಿ ಹೊಟ್ಟೆಯ ಕಿಣ್ವದ ಮೂಲರೂಪವನ್ನು ಅಳೆಯುವ ಪೆಪ್ಸಿನೋಜೆನ್ ಪರೀಕ್ಷೆಗಿಂತ ಸ್ಪಷ್ಟವಾಗಿ ಮೇಲು. ಒಳ್ಳೆಯ ಕೆಲಸವೇ. ಆದರೂ ಇಂಥ ಪರೀಕ್ಷೆ ಯಾರಿಗೆ ಎಂಡೋಸ್ಕೋಪಿ ಮೊದಲು ಬೇಕು ಎಂದು ಆರಿಸಲು ನೆರವಾಗುತ್ತದೆ, ರೋಗ ಇದೆ ಎಂದು ತೀರ್ಮಾನಿಸುವುದಿಲ್ಲ.

ಕಾರಣ ಲೆಕ್ಕದಲ್ಲೇ ಇದೆ. 10,000 ಜನರಲ್ಲಿ 30 ಜನರಿಗೆ ರೋಗವಿದೆ, ಪರೀಕ್ಷೆಯ ಸೂಕ್ಷ್ಮತೆ (ರೋಗವಿರುವವರನ್ನು ಹಿಡಿಯುವ ಪ್ರಮಾಣ) 85%, ನಿರ್ದಿಷ್ಟತೆ (ರೋಗವಿಲ್ಲದವರಿಗೆ ಇಲ್ಲವೆಂದು ಹೇಳುವ ಪ್ರಮಾಣ) 70% ಎಂದಿಟ್ಟುಕೊಳ್ಳೋಣ. ರೋಗವಿರುವವರಲ್ಲಿ 25–26 ಜನ ಸಿಗುತ್ತಾರೆ, ನಾಲ್ಕೈದು ಜನ ತಪ್ಪಿಹೋಗುತ್ತಾರೆ. ರೋಗವಿಲ್ಲದ 9,970 ಜನರಲ್ಲಿ 2,991 ಜನರಿಗೂ ಪಾಸಿಟಿವ್ ಬರುತ್ತದೆ. ಅಂದರೆ ಪಾಸಿಟಿವ್ ಬಂದವರಲ್ಲಿ ನಿಜವಾಗಿ ರೋಗವಿರುವವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಪಾಸಿಟಿವ್ ಎಂದು ಕಂಗಾಲಾಗುವುದೂ ತಪ್ಪು, ನೆಗೆಟಿವ್ ಎಂದು ತೂಕ ಇಳಿಯುತ್ತಿರುವುದನ್ನು, ಕಪ್ಪು ಮಲವನ್ನು, ನುಂಗಲು ಕಷ್ಟವಾಗುವುದನ್ನು ಕಡೆಗಣಿಸುವುದೂ ತಪ್ಪು.

ಮೈಕ್ರೋಆರ್‌ಎನ್‌ಎ ಔಷಧ ಸಿಗುತ್ತದೆಯೇ?

ಹೊಟ್ಟೆಯ ಕ್ಯಾನ್ಸರಿಗೆ ಮಂಜೂರಾದ ಯಾವ ಮೈಕ್ರೋಆರ್‌ಎನ್‌ಎ ಔಷಧವೂ ಇಲ್ಲ. ಮಿರ್-34ಎ ಅನುಕರಿಸುವ ಎಂಆರ್‌ಎಕ್ಸ್34 ಎಂಬ ಔಷಧವನ್ನು ವಿವಿಧ ಗಡ್ಡೆಗಳಿರುವ ರೋಗಿಗಳಿಗೆ ಕೊಟ್ಟು ನೋಡಲಾಯಿತು. ರೋಗನಿರೋಧಕ ವ್ಯವಸ್ಥೆಯ ತೀವ್ರ ಅಡ್ಡಪರಿಣಾಮಗಳಿಂದ ಸಾವುಗಳೂ ಆದ್ದರಿಂದ 2016ರಲ್ಲಿ ಪ್ರಯೋಗ ನಿಂತಿತು. ತೊಡಕು ಎರಡು. ಔಷಧ ತುಂಬಿ ರಕ್ತಕ್ಕೆ ಚುಚ್ಚಿದ ಕೊಬ್ಬಿನ ಕಣಗಳು ಬಹುಪಾಲು ಯಕೃತ್ತಿಗೆ ಹೋಗುತ್ತವೆ, ಹೊಟ್ಟೆಯ ಗಡ್ಡೆಗೆ ಸೇರುವುದು ಅಲ್ಪ. ಗಡ್ಡೆಗೆ ಸೇರಿದರೂ ಒಂದು ಮೈಕ್ರೋಆರ್‌ಎನ್‌ಎಗೆ ನೂರಾರು ಗುರಿಗಳಿರುವುದರಿಂದ ಎಲ್ಲಿ ಏನು ಬದಲಾಗುತ್ತದೆ ಎಂದು ಹಿಡಿತದಲ್ಲಿಡುವುದು ಕಷ್ಟ. ಮೈಕ್ರೋಆರ್‌ಎನ್‌ಎ ಚಿಕಿತ್ಸೆ ಎಂದು ಹೇಳಿ ಪ್ರಯೋಗದ ನೋಂದಣಿಯಿಲ್ಲದೆ ಹಣ ಕೇಳುವವರಿಂದ ದೂರವಿರಿ.

ನಮ್ಮ ಮನೆಯಲ್ಲಿ ಒಬ್ಬರಿಗೆ ಹೊಟ್ಟೆಯ ಕ್ಯಾನ್ಸರ್ ಇದೆ. ಯಾವ ಪರೀಕ್ಷೆ ಕೇಳಬೇಕು?

ಮೈಕ್ರೋಆರ್‌ಎನ್‌ಎ ಪರೀಕ್ಷೆಯಿಂದ ಇವತ್ತು ಅವರ ಚಿಕಿತ್ಸೆ ಬದಲಾಗುವುದಿಲ್ಲ. ಚಿಕಿತ್ಸೆ ಬದಲಿಸಬಲ್ಲ ಪರೀಕ್ಷೆಗಳು ಬೇರೆ ಇವೆ: ಬಯಾಪ್ಸಿ ತುಣುಕಿನಲ್ಲಿ ಹರ್2, ಎಂಎಂಆರ್ ಅಥವಾ ಎಂಎಸ್‌ಐ, ಪಿಡಿ-ಎಲ್1, ಕ್ಲಾಡಿನ್ 18.2 (ಇವು ಯಾವ ಔಷಧ ಹೊಂದಬಹುದು ಎಂದು ತಿಳಿಸುವ ಗುರುತುಗಳು). ರೋಗ ಮುಂದುವರಿದಿದ್ದರೆ ಇವು ಆಗಿವೆಯೇ ಎಂದು ವೈದ್ಯರನ್ನು ಕೇಳಿ. ತುಣುಕು ಸಣ್ಣದಾಗಿದ್ದರೆ ಎಲ್ಲ ಪರೀಕ್ಷೆಗೂ ಸಾಲುವುದಿಲ್ಲ, ಎಂಡೋಸ್ಕೋಪಿ ಮಾಡುವಾಗಲೇ ಆರೆಂಟು ತುಣುಕು ತೆಗೆಯುವುದು ಲೇಸು.

ಒಡಹುಟ್ಟಿದವರು ಮತ್ತು ಮಕ್ಕಳು ಪೈಲೋರಿ ಸೋಂಕಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸೋಂಕಿದ್ದರೆ ಪೂರ್ತಿ ಅವಧಿಯ ಔಷಧ ಮುಗಿಸಿ, ಆಂಟಿಬಯೋಟಿಕ್ ನಿಲ್ಲಿಸಿ ಕನಿಷ್ಠ 4 ವಾರದ ನಂತರ ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಸೋಂಕು ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಆಮ್ಲ ತಗ್ಗಿಸುವ ಪಿಪಿಐ ಮಾತ್ರೆಗಳನ್ನು ಅದಕ್ಕೆ 2 ವಾರ ಮೊದಲೇ ವೈದ್ಯರ ಒಪ್ಪಿಗೆ ಪಡೆದು ನಿಲ್ಲಿಸಿರಬೇಕು. ಇಲ್ಲದಿದ್ದರೆ ಸೋಂಕಿದ್ದರೂ ಇಲ್ಲವೆಂದು ಬರುತ್ತದೆ. ಚಿಕ್ಕ ವಯಸ್ಸಿನಲ್ಲಿ ಡಿಫ್ಯೂಸ್ ಬಗೆಯ ಕ್ಯಾನ್ಸರ್ ಬಂದಿದ್ದರೆ, ಅಥವಾ ಮನೆತನದಲ್ಲಿ ಇಬ್ಬರಿಗೆ ಬಂದಿದ್ದರೆ, ಸಿಡಿಎಚ್1 (ಇ-ಕ್ಯಾಡ್ಹೆರಿನ್ ತಯಾರಿಸುವ) ಜೀನ್ ಪರೀಕ್ಷೆಗಾಗಿ ಜೆನೆಟಿಕ್ ಸಲಹೆಗಾರರನ್ನು ಕಾಣಿ.